ಗುರುತಿಗೆ ಸಾಕ್ಷಿ ಯಾರು? ಮನಗೂಳಿ ಸೀಮೆಯ ಹೆಬ್ಬೆಟ್ಟಿನ ಚರಿತ್ರೆ

ವಿಜಯಪುರದಿಂದ ಹುಬ್ಬಳ್ಳಿಯತ್ತ ಸಾಗುವ ಹೆದ್ದಾರಿಯಲ್ಲಿ ಸಿಗುವ ಮನಗೂಳಿಗೆ ಹನ್ನೆರಡನೆಯ ಶತಮಾನದ ಶಾಸನಗಳು ಕೊಡುವ ಹೆಸರು ಮಣಿಂಗವಳ್ಳಿ. ತರ್ದವಾಡಿ ಸಾವಿರ ಎಂಬ ನಾಡಿಗೆ ಸೇರಿದ್ದ ಊರಿದು. ಕಲಚುರಿ ಬಿಜ್ಜಳನ ಕಾಲದ, 1161ರ ಶಾಸನವೊಂದು ಇಲ್ಲಿ ಶಿವಾಲಯ ಕಟ್ಟಿಸಿದ ಬಸವ ಎಂಬಾತನನ್ನು ಹೆಸರಿಸುತ್ತದೆ. ಬರೀ ಹೆಸರು ಹೇಳಿ ಸುಮ್ಮನಾಗುವುದಿಲ್ಲ. ಆತ ರೇವದಾಸನ ಮೊಮ್ಮಗ, ಚಂದಿರಾಜನ ಮಗ ಎಂದು ಬಿಡಿಸಿ ಹೇಳುತ್ತದೆ. ಆಗ ಊರಿಗೆ ಮಹಾಪ್ರಭುವಾಗಿದ್ದವನು ಮಾದಿರಾಜ ಎಂಬುದನ್ನೂ ದಾಖಲಿಸುತ್ತದೆ.

ಬಸವ, ಮಾದಿರಾಜ ಎಂಬ ಎರಡು ಹೆಸರುಗಳು ಒಂದೇ ಕಲ್ಲಿನಲ್ಲಿ, ಅದೂ ಬಾಗೇವಾಡಿಯ ನೆರೆಯ ಊರಿನಲ್ಲಿ ಸಿಕ್ಕರೆ ಯಾರಿಗಾದರೂ ಬಸವಣ್ಣನೇ ನೆನಪಾಗಬೇಕು. ಮುಂಬೈ ಸರ್ಕಾರದ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜೆ. ಎಫ್. ಫ್ಲೀಟ್‌ಗೂ ಹಾಗೆಯೇ ಆಯಿತು. ಮನಗೂಳಿಯ ಶಾಸನಗಳನ್ನು 'ಎಪಿಗ್ರಾಫಿಯಾ ಇಂಡಿಕಾ'ದ ಐದನೆಯ ಸಂಪುಟದಲ್ಲಿ ಪ್ರಕಟಿಸಿದ ಆತ, ಈ ಇಬ್ಬರನ್ನೂ ಆ ಕಾಲದ ಶೈವ ಜಾಗೃತಿಯ ಜೊತೆ ಜೋಡಿಸಿ ಓದಿದ. ಆದರೆ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ ಸಿಕ್ಕ 1260ರ ಶಾಸನ ಬಾಗೇವಾಡಿಯ ಬಸವನನ್ನು ಮಾದಿರಾಜನ ಮಗನೆಂದು ಸ್ಪಷ್ಟವಾಗಿ ಕರೆಯಿತು. ಚಂದಿರಾಜನ ಮಗ ಬೇರೆ, ಮಾದಿರಾಜನ ಮಗ ಬೇರೆ. ಒಂದೇ ಹೆಸರಿನ ಇಬ್ಬರನ್ನು ಏಳು ಶತಮಾನಗಳ ನಂತರವೂ ಬೇರೆ ಮಾಡಿ ತೋರಿಸಿದ್ದು ತಂದೆಯ ಹೆಸರು, ಊರಿನ ಹೆಸರು ಮತ್ತು ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲಿಸಿದ ಕಲ್ಲು.

ಇಂದು ಇದೇ ಸೀಮೆಯ ಒಕ್ಕಲಿಗನ ಗುರುತಿಗೆ ಅಷ್ಟು ಗಟ್ಟಿಯಾದ ಆಸರೆ ಇದೆಯೇ? ಮತ್ತೊಬ್ಬರ ಹೆಸರಿನಲ್ಲಿ ಹಣ ತೆಗೆಯುವ, ಸಿಮ್ ಕೊಳ್ಳುವ, ಸಾಲ ಎತ್ತುವ, ಹೊಲ ಮಾರುವ ಕಳ್ಳತನ ಹಳ್ಳಿಯ ಅಂಗಳಕ್ಕೂ ಬಂದಿದೆ. ಅದನ್ನು ತಡೆಯುವ ದಾರಿ ತಿಳಿಯಬೇಕಾದರೆ ಗುರುತು ಎಂಬುದು ಮನುಷ್ಯನನ್ನು ಬಿಟ್ಟು ಕಾಗದಕ್ಕೆ, ಕಾಗದವನ್ನು ಬಿಟ್ಟು ಯಂತ್ರಕ್ಕೆ ಇಳಿದ ಬಗೆಯನ್ನು ನೋಡಬೇಕು.

ಆದಿಲ್‌ಶಾಹಿಯ ಕಾಲದಲ್ಲೂ ನಂತರದ ಮರಾಠರ ಕಾಲದಲ್ಲೂ ದಖ್ಖನ್ನಿನಲ್ಲಿ ಗೌಡಕಿಗೋ ಕುಲಕರ್ಣಿಕಿಗೋ ವ್ಯಾಜ್ಯ ಬಂದರೆ ಊರಿನ ಹಿರಿಯರು, ಸುತ್ತಲಿನ ಹಳ್ಳಿಗಳ ವತನದಾರರು, ಕಸುಬುದಾರರು ಒಟ್ಟಿಗೆ ಕೂತು ವಿಚಾರಿಸುತ್ತಿದ್ದರು. ಇಂಥವನು ಇಂಥವನ ಮಗ, ಇಂಥ ಹಕ್ಕು ಇವನ ಮನೆತನದ್ದು ಎಂದು ಅವರೆಲ್ಲ ಸೇರಿ ಬರೆದುಕೊಟ್ಟ ತೀರ್ಮಾನಪತ್ರವೇ ಮಹಜರು. ಓದುಬರಹ ಬಾರದವರು ಅದರ ಮೇಲೆ ತಮ್ಮ ಕಸುಬಿನ ಚಿಹ್ನೆ ಬರೆಯುತ್ತಿದ್ದರು. ಪಾಟೀಲನದು ನೇಗಿಲು. ನೇಗಿಲಿನ ಚಿತ್ರವನ್ನು ಯಾರು ಬೇಕಾದರೂ ಬರೆಯಬಹುದಿತ್ತು, ಆದರೂ ಅದರಿಂದ ಮೋಸ ಸುಲಭವಾಗಿರಲಿಲ್ಲ. ಬರೆದವನ ಮುಖವನ್ನು ಬಲ್ಲ ಹತ್ತು ಜನ ಅಲ್ಲೇ ಕೂತಿರುತ್ತಿದ್ದರು. ಚಿಹ್ನೆಗೆ ಬಲ ಬಂದದ್ದು ಆ ಹತ್ತು ಜನರಿಂದ.

ಈ ವ್ಯವಸ್ಥೆಯಲ್ಲಿ ನ್ಯಾಯವೇ ತುಂಬಿತ್ತು ಎನ್ನಲಾಗದು. ಹತ್ತು ಜನರ ಸಾಲಿನಲ್ಲಿ ಕೂರುವ ಹಕ್ಕು ಎಲ್ಲರಿಗೂ ಇರಲಿಲ್ಲ. ಹೆಂಗಸರ ಮತ್ತು ಕೆಳಜಾತಿಯವರ ಮಾತಿಗೆ ಅಲ್ಲಿ ತೂಕ ಕಡಿಮೆ. ಲೆಕ್ಕದ ಬುಕ್ಕು ಕುಲಕರ್ಣಿಯ ಒಂದೇ ಮನೆತನದ ಕೈಯಲ್ಲಿತ್ತು, ಅದೂ ಈ ಭಾಗದಲ್ಲಿ ಬಹುಪಾಲು ಮೋಡಿ ಲಿಪಿಯಲ್ಲಿ. ಕನ್ನಡ ಮಾತಾಡುವ ರೈತನಿಗೆ ತನ್ನ ಹೊಲದ ಲೆಕ್ಕ ಓದಲು ಬರುತ್ತಿರಲಿಲ್ಲ.

ಬ್ರಿಟಿಷರ ಆಳ್ವಿಕೆ ಬಂದ ಮೇಲೆ ಈ ತೂಕ ಇನ್ನಷ್ಟು ವಾಲಿತು. ಕಂದಾಯವನ್ನು ನಗದಿನಲ್ಲಿ ಕಟ್ಟಬೇಕು, ಮಳೆ ಕೈಕೊಟ್ಟರೆ ಸಾಹುಕಾರನ ಬಾಗಿಲಿಗೆ ಹೋಗಬೇಕು. ಸಾಲದ ಪತ್ರ ಬರೆಯುವವನು ಅವನೇ, ಇಟ್ಟುಕೊಳ್ಳುವವನೂ ಅವನೇ. ಬಡ್ಡಿ ಸೇರಿಸಿ ಮತ್ತೆ ಬರೆದ ಪತ್ರದಲ್ಲಿ ಏನಿದೆಯೆಂದು ಅರಿಯದೆ ರೈತ ಗುರುತು ಹಾಕುತ್ತಿದ್ದ. ಸಾಲ ತೀರಿದ ಮೇಲೂ ಹಳೆಯ ಪತ್ರ ಕೋರ್ಟಿಗೆ ಬರುತ್ತಿತ್ತು. ಪತ್ರದ ಮೇಲಿನ ಗುರುತೇ ನ್ಯಾಯಾಧೀಶನ ಪಾಲಿಗೆ ರೈತನಾಗಿಬಿಡುತ್ತಿತ್ತು. ಇದರ ಸಿಟ್ಟು 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪಾ ಎಂಬ ಊರಿನಲ್ಲಿ ಸ್ಫೋಟಗೊಂಡಿತು. ಪುಣೆ, ಅಹಮದ್‌ನಗರ ಜಿಲ್ಲೆಗಳ ಹಳ್ಳಿಗಳಿಗೆ ಹಬ್ಬಿದ ಆ ಗಲಭೆಯಲ್ಲಿ ಜನ ಹುಡುಕಿದ್ದು ಮುಖ್ಯವಾಗಿ ಸಾಲಪತ್ರಗಳನ್ನು. ಸಿಕ್ಕಲ್ಲಿ ಸುಟ್ಟರು.

ತನಿಖೆಗೆ ಸರ್ಕಾರ ಆಯೋಗ ಕೂರಿಸಿತು. 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಬಂತು. ಮೊದಲು ಅನ್ವಯವಾದ ನಾಲ್ಕು ಜಿಲ್ಲೆಗಳಲ್ಲಿ ಇಂಡಿ ತಾಲ್ಲೂಕಿನ ಗಡಿಗೆ ತಾಗಿರುವ ಸೋಲಾಪುರವೂ ಒಂದು. ಕೃಷಿಕ ಬರೆದುಕೊಡುವ ಪತ್ರವನ್ನು ಗ್ರಾಮ ನೋಂದಣಿದಾರನ ಎದುರಿನಲ್ಲೇ ಬರೆಸಬೇಕು, ಓದಿ ಹೇಳಬೇಕು, ಆಮೇಲೆ ಗುರುತು ಹಾಕಿಸಬೇಕು ಎಂಬ ಏರ್ಪಾಡು ಆ ಕಾಯ್ದೆಯಲ್ಲಿತ್ತು. ಮಹಜರಿನ ಹತ್ತು ಜನರ ಜಾಗಕ್ಕೆ ಒಬ್ಬ ಸರ್ಕಾರಿ ಸಾಕ್ಷಿ ಬಂದ. 1908ರ ನೋಂದಣಿ ಕಾಯ್ದೆ ಇದೇ ಹೊಣೆಯನ್ನು ಸಬ್‌ರಿಜಿಸ್ಟ್ರಾರರ ಮೇಲೆ ಇಟ್ಟಿತು. ಎದುರಿಗೆ ನಿಂತವನು ಪತ್ರದಲ್ಲಿ ಹೆಸರಿರುವವನೇ ಎಂದು ಅವರಿಗೆ ಮನವರಿಕೆ ಆಗಬೇಕು. ಬೇರೊಬ್ಬನ ವೇಷದಲ್ಲಿ ಬಂದು ಪತ್ರ ಮಾಡಿಕೊಟ್ಟರೆ ಅದು ಶಿಕ್ಷಾರ್ಹ. ಖರೀದಿಪತ್ರಕ್ಕೆ ಇಬ್ಬರು 'ಗುರುತಿಸುವವರು' ಸಹಿ ಮಾಡುವ ಪದ್ಧತಿ ಇಂದಿಗೂ ಆ ಹೊಣೆಯ ಭಾಗ.

ಅಷ್ಟರಲ್ಲಿ ಬಂಗಾಳದಲ್ಲಿ ಬೇರೆಯೇ ಒಂದು ಸಾಕ್ಷಿ ಹುಟ್ಟಿತ್ತು. ಜಂಗೀಪುರದ ಅಧಿಕಾರಿ ವಿಲಿಯಂ ಹರ್ಷೆಲ್ 1858ರಲ್ಲಿ ರಸ್ತೆಯ ಕಂಕರಿನ ಗುತ್ತಿಗೆ ಮಾಡಿಕೊಂಡಾಗ, ಗುತ್ತಿಗೆದಾರ ರಾಜ್ಯಧರ ಕೊನಾಯಿಯ ಅಂಗೈಗೆ ಮಸಿ ಬಳಿದು ಪತ್ರದ ಮೇಲೆ ಒತ್ತಿಸಿದ. ಆಗ ಅವನ ಉದ್ದೇಶ ಮಾತು ತಪ್ಪದಂತೆ ಕಟ್ಟಿಹಾಕುವುದು ಮಾತ್ರ. ಬೆರಳಿನ ಗೆರೆಗಳು ವರ್ಷಗಳು ಕಳೆದರೂ ಮಾಸುವುದಿಲ್ಲ ಎಂಬುದನ್ನು ಮುಂದೆ ಕಂಡುಕೊಂಡು, 1877ರಲ್ಲಿ ಹೂಗ್ಲಿಯಲ್ಲಿ ಪಿಂಚಣಿದಾರರಿಂದ ಮತ್ತು ನೋಂದಣಿ ಕಚೇರಿಗೆ ಬಂದವರಿಂದ ಬೆರಳಚ್ಚು ಪಡೆಯತೊಡಗಿದ. ಸತ್ತವರ ಹೆಸರಿನಲ್ಲಿ ಬೇರೆಯವರು ಪಿಂಚಣಿ ಎತ್ತುವುದನ್ನು ತಡೆಯುವುದು ಅದರ ಗುರಿ. 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ಬ್ಯೂರೊ ಶುರುವಾಯಿತು. ಅಚ್ಚುಗಳನ್ನು ವರ್ಗೀಕರಿಸುವ ಲೆಕ್ಕಾಚಾರವನ್ನು ಕಟ್ಟಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಅದಕ್ಕೆ ಜಗತ್ತಿನಲ್ಲಿ ಉಳಿದದ್ದು ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರು.

ಹೆಬ್ಬೆಟ್ಟು ಹೀಗೆ ಹಳ್ಳಿಯ ಚಾವಡಿಗೂ ಬಂತು. ನಮ್ಮಲ್ಲಿ ಹೆಬ್ಬೆಟ್ಟು ಒತ್ತುವವರನ್ನು ಕೀಳಾಗಿ ಕಂಡದ್ದೇ ಹೆಚ್ಚು. ಆದರೆ ನೇಗಿಲಿನ ಚಿತ್ರಕ್ಕೂ ಹೆಬ್ಬೆಟ್ಟಿಗೂ ದೊಡ್ಡ ಅಂತರವಿದೆ. ಮೊದಲ ಬಾರಿಗೆ ಅಕ್ಷರ ಬಾರದ ಮನುಷ್ಯನಿಗೆ ತನ್ನದೇ ಆದ, ಊರಿನ ದೊಡ್ಡವರ ಒಪ್ಪಿಗೆ ಬೇಕಿಲ್ಲದ ಗುರುತು ದಕ್ಕಿತು. ಸಾಹುಕಾರ ತಂದ ಪತ್ರದ ಹೆಬ್ಬೆಟ್ಟು ತನ್ನದಲ್ಲ ಎಂದು ರೈತ ಕೋರ್ಟಿನಲ್ಲಿ ಹೇಳಿದರೆ, ಅದನ್ನು ತಜ್ಞರು ಪರೀಕ್ಷಿಸಿ ಹೇಳಬಹುದಾದ ಕಾಲ ಬಂತು.

ಸ್ವಾತಂತ್ರ್ಯದ ನಂತರ ಮುಂಬೈ ರಾಜ್ಯ ಕುಲಕರ್ಣಿ ವತನಗಳನ್ನು 1950ರ ಕಾಯ್ದೆಯಿಂದ ರದ್ದು ಮಾಡಿತು. ಲೆಕ್ಕ ಸರ್ಕಾರಿ ನೌಕರನಾದ ತಲಾಟಿಯ ಕೈಗೆ ಬಂತು. 1956ರ ನವೆಂಬರ್ 1ರಂದು ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1964ರಲ್ಲಿ ಬಾಗೇವಾಡಿ ತಾಲ್ಲೂಕಿನ ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಣೆಕಟ್ಟೆಗೆ ಅಡಿಗಲ್ಲು ಹಾಕಿದರು. ಹೊಲ ಮುಳುಗಿದವರಿಗೆ ಪರಿಹಾರ ಬರಬೇಕಾದರೆ ಉತಾರದಲ್ಲಿ, ಅಂದರೆ ಪಹಣಿಯಲ್ಲಿ ಹೆಸರಿರಬೇಕು, ತೀರಿಕೊಂಡವರ ಹೊಲ ವಾರಸುದಾರರ ಹೆಸರಿಗೆ ವಾರಸಾ ಆಗಿರಬೇಕು, ಹೆಸರು ಒಂದು ಅಕ್ಷರವೂ ತಪ್ಪಿರಬಾರದು. ತಾನು ತಾನೇ ಎಂದು ಕಾಗದದಲ್ಲಿ ತೋರಿಸುವುದು ಈ ಸೀಮೆಯ ಸಾವಿರಾರು ಮನೆಗಳಿಗೆ ಬದುಕಿನ ಪ್ರಶ್ನೆಯಾಯಿತು.

2000ದ ಆಸುಪಾಸಿನಲ್ಲಿ ಕರ್ನಾಟಕದ 'ಭೂಮಿ' ಯೋಜನೆ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿತು. ದಾಖಲೆ ತಿದ್ದುವ ಸಿಬ್ಬಂದಿ ಯಂತ್ರದ ಮೇಲೆ ಬೆರಳಿಟ್ಟೇ ಒಳಗೆ ಹೋಗಬೇಕಿತ್ತು. ಯಾರು ಏನು ತಿದ್ದಿದರು ಎಂಬುದು ಉಳಿಯಲಿ ಎಂಬ ಎಚ್ಚರ ಅದು. 2001ರಲ್ಲಿ ಸಂಸತ್ತು ನೋಂದಣಿ ಕಾಯ್ದೆಗೆ 32ಎ ಎಂಬ ಕಲಂ ಸೇರಿಸಿತು. ಪತ್ರ ಹಾಜರುಪಡಿಸುವವರು ತಮ್ಮ ಭಾವಚಿತ್ರ ಅಂಟಿಸಿ ಬೆರಳಚ್ಚು ಒತ್ತಬೇಕು, ಆಸ್ತಿ ಪರಭಾರೆಯಾಗುವಾಗ ಮಾರುವವರು ಮತ್ತು ಕೊಳ್ಳುವವರು ಇಬ್ಬರದೂ ಇರಬೇಕು. ವೇಷ ಹಾಕಿ ಬಂದು ಹೊಲ ಮಾರುವವರನ್ನು ತಡೆಯಲು ಇದು ಒಳ್ಳೆಯ ಬೇಲಿಯೇ ಆಗಿತ್ತು.

ಆದರೆ ನೋಂದಾಯಿತ ಖರೀದಿಪತ್ರ ಗುಟ್ಟಿನ ಕಾಗದವಲ್ಲ. ಆಸ್ತಿ ಕೊಳ್ಳುವವರು ಹಿಂದಿನ ವ್ಯವಹಾರ ನೋಡಿಕೊಳ್ಳಲಿ ಎಂದೇ ಕಾನೂನು ಅದರ ನಕಲು ಕೊಡುತ್ತದೆ. ಆ ನಕಲಿನಲ್ಲಿ ಹೆಸರು, ವಿಳಾಸ, ಫೋಟೊ, ಎಷ್ಟೋ ಸಲ ಆಧಾರ್ ಸಂಖ್ಯೆ, ಜೊತೆಗೆ ಹೆಬ್ಬೆಟ್ಟು ಎಲ್ಲವೂ ಒಟ್ಟಿಗೆ ಇರುತ್ತಿದ್ದವು. ನಕಲು ಜಾಲತಾಣದಲ್ಲಿ ಸಿಗುವಂತಾದ ಮೇಲೆ, ಹೊಲ ಕಾಯಲು ಒತ್ತಿದ ಬೆರಳಚ್ಚು ದೂರದ ಕಳ್ಳನ ಕೈಗೂ ಎಟುಕಿತು.

ಬೆರಳಚ್ಚಿನ ಅಚ್ಚು ತೆಗೆಯಬಹುದು ಎಂಬುದು ಹೊಸ ಸುದ್ದಿಯಲ್ಲ. ಜಪಾನಿನ ಯೊಕೊಹಾಮಾ ರಾಷ್ಟ್ರೀಯ ವಿಶ್ವವಿದ್ಯಾಲಯದ ತ್ಸುತೊಮು ಮತ್ಸುಮೊತೊ 2002ರಲ್ಲೇ ಜೆಲಾಟಿನ್‌ನಲ್ಲಿ ಬೆರಳು ಮಾಡಿ, ಮಾರುಕಟ್ಟೆಯಲ್ಲಿದ್ದ ಹನ್ನೊಂದು ಬಗೆಯ ಯಂತ್ರಗಳನ್ನು ಮೋಸಗೊಳಿಸಿ ತೋರಿಸಿದ್ದರು. 2018ರಲ್ಲಿ ತೆಲಂಗಾಣದಲ್ಲಿ ಒಬ್ಬಾತ ನೋಂದಣಿ ಇಲಾಖೆಯ ಜಾಲತಾಣದಿಂದ ಜಮೀನು ಪತ್ರಗಳನ್ನು ಇಳಿಸಿಕೊಂಡು, ಅವುಗಳಲ್ಲಿದ್ದ ಹೆಬ್ಬೆಟ್ಟುಗಳಿಂದ ರಬ್ಬರ್ ಮುದ್ರೆ ಮಾಡಿ, ಸಾವಿರಾರು ಸಿಮ್‌ಗಳನ್ನು ಚಾಲೂ ಮಾಡಿದ್ದು ಬಯಲಾಯಿತು. ಅದಕ್ಕೆ ಬೇಕಾಗಿದ್ದದ್ದು ಮುದ್ರೆ ಮಾಡುವ ಅಂಗಡಿಯಲ್ಲಿ ಸಿಗುವ ಸಾಮಗ್ರಿಯಷ್ಟೇ.

2023ರಲ್ಲಿ ಅದೇ ಕಳ್ಳತನ ಕರ್ನಾಟಕದಲ್ಲಿ ಕಾಣಿಸಿಕೊಂಡಿತು. ಆಸ್ತಿ ನೋಂದಣಿ ಮುಗಿಸಿದ ಕೆಲವು ದಿನ, ಕೆಲವು ವಾರಗಳಲ್ಲಿ ಜನರ ಖಾತೆಯಿಂದ ಹಣ ಹೋಗತೊಡಗಿತು. ಒಟಿಪಿ ಬಂದಿರಲಿಲ್ಲ, ಯಾರೂ ಫೋನ್ ಮಾಡಿರಲಿಲ್ಲ, ಕಾರ್ಡು ಕಿಸೆಯಲ್ಲೇ ಇತ್ತು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆ, ಅಂದರೆ ಎಇಪಿಎಸ್‌ನಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳು ಇದ್ದರೆ ಹಣ ತೆಗೆಯಬಹುದು. ಮೂರೂ ಖರೀದಿಪತ್ರದ ಸುತ್ತಮುತ್ತಲೇ ಸಿಗುತ್ತಿದ್ದವು. ರಾಜ್ಯದ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದ ಪತ್ರಗಳಿಂದ ಬೆರಳಚ್ಚು ಕದ್ದಿರುವ ಬಗ್ಗೆ ಪೊಲೀಸರು ತನಿಖೆ ನಡೆಸಿದರು. ಪತ್ರಗಳ ನಕಲಿನಲ್ಲಿ ಬೆರಳಚ್ಚು, ಆಧಾರ್ ಸಂಖ್ಯೆ ಕಾಣದಂತೆ ಮರೆಮಾಡುವ ಕ್ರಮವನ್ನು ಸರ್ಕಾರ ಕೈಗೊಂಡಿತು. ಆಧಾರ್ ಪ್ರಾಧಿಕಾರವೂ ಅದೇ ವರ್ಷ, ಎದುರಿಗಿರುವುದು ಜೀವಂತ ಬೆರಳೇ ಎಂದು ಪರೀಕ್ಷಿಸುವ ತಂತ್ರಾಂಶ ಅಳವಡಿಸಿತ್ತು.

ಹೂಗ್ಲಿಯಲ್ಲಿ ಪಿಂಚಣಿ ಕಾಯಲು ಬಂದ ಬೆರಳಚ್ಚಿಗೂ ಇದಕ್ಕೂ ನಡುವೆ ಒಂದೂವರೆ ಶತಮಾನ. ಗೆರೆಗಳು ಬದಲಾಗಿಲ್ಲ. ಅಂದು ಬೆರಳು ಒತ್ತುವಾಗ ಎದುರಿಗೆ ಒಬ್ಬ ಅಧಿಕಾರಿ ಮುಖ ನೋಡುತ್ತಿದ್ದ. ಈಗ ಮುಖ ನೋಡುವವರಿಲ್ಲದ ಕಡೆಯೂ ಅಚ್ಚು ಒಂದೇ ಸಾಕು ಎನ್ನುವಂತಾಯಿತು. ಬೀಗದ ಕೈ ನಕಲಾದರೆ ಬೀಗ ಬದಲಿಸಬಹುದು, ಹೆಬ್ಬೆಟ್ಟನ್ನು ಬದಲಿಸಲಾಗದು. ಬೀಗದ ಕೈಯ ನಕಲು ಎಂಥ ಪೆಟ್ಟು ಕೊಡುತ್ತದೆಂಬುದನ್ನು ಮನಗೂಳಿ ಈಚೆಗೆ ಕಂಡಿದೆ. 2025ರ ಮೇ ತಿಂಗಳ ವಾರಾಂತ್ಯವೊಂದರ ರಜೆಯಲ್ಲಿ ಇಲ್ಲಿನ ಕೆನರಾ ಬ್ಯಾಂಕ್ ಶಾಖೆಯಿಂದ ಜನ ಅಡವಿಟ್ಟಿದ್ದ ಸುಮಾರು 59 ಕಿಲೊ ಚಿನ್ನ ಕಳವಾಯಿತು. ನಕಲಿ ಕೀಲಿಕೈ ಬಳಸಿ ಒಳಹೊಕ್ಕಿದ್ದರೆಂದು ಪೊಲೀಸರು ಹೇಳಿದರು. ಚಿನ್ನ ಅಡವಿಟ್ಟ ಮನೆಗಳವರು ತಮ್ಮ ಪಾಲು ಕೇಳಲು ಕೈಯಲ್ಲಿ ಹಿಡಿದದ್ದು ಅಡವಿನ ಚೀಟಿ. ಮೂಲ ಕಾಗದವನ್ನು ಜೋಪಾನ ಮಾಡಿದವರಿಗೆ ಅಂಥ ಹೊತ್ತಿನಲ್ಲಿ ಅದೇ ಬಲ.

ಗುರುತನ್ನು ಕಾಯುವುದು ಸರ್ಕಾರದ ಹೊಣೆಯೂ ಹೌದು ಎಂಬ ಮಾತನ್ನು ದೇಶದ ದೊಡ್ಡ ನ್ಯಾಯಾಲಯದವರೆಗೆ ಒಯ್ದವರು ಕನ್ನಡಿಗರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದರು. ಅದರಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತು. 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರ್ ಕಾಯ್ದೆಯನ್ನು ಎತ್ತಿಹಿಡಿದರೂ, ಖಾಸಗಿ ಕಂಪನಿಗಳು ಒಪ್ಪಂದದ ನೆಪದಲ್ಲಿ ಆಧಾರ್ ಕೇಳಲು ಬಿಟ್ಟಿದ್ದ ಅವಕಾಶವನ್ನು ಕಿತ್ತುಹಾಕಿತು.

ಮನೆಯವರು ತಾವಾಗಿ ಮಾಡಬಹುದಾದ ಕೆಲಸಗಳಲ್ಲಿ ಮೊದಲನೆಯದು ಬೆರಳಿಗೆ ಬೀಗ ಹಾಕುವುದು. ಆಧಾರ್ ಆ್ಯಪ್‌ನಲ್ಲೋ ಆಧಾರ್ ಪ್ರಾಧಿಕಾರದ ಜಾಲತಾಣದಲ್ಲೋ ಬಯೊಮೆಟ್ರಿಕ್ ಲಾಕ್ ಮಾಡಿದರೆ, ಬೆರಳಿನ ಅಚ್ಚು ಯಾರ ಕೈಯಲ್ಲಿದ್ದರೂ ಅದು ಕೆಲಸ ಮಾಡದು. ಬೇಕಾದಾಗ ಸ್ವಲ್ಪ ಹೊತ್ತು ತೆರೆದುಕೊಳ್ಳಬಹುದು. ಪಿಂಚಣಿಯನ್ನೋ ಉದ್ಯೋಗ ಖಾತ್ರಿ ಕೂಲಿಯನ್ನೋ ಬೆರಳು ಒತ್ತಿಯೇ ಪಡೆಯುವ ಹಿರಿಯರು ಮಗನನ್ನೋ ಮೊಮ್ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಿ, ಬೀಗ ತೆರೆದು ಹಣ ಪಡೆದು ಮತ್ತೆ ಹಾಕಿಸಬೇಕು. "ಬೆರಳು ಹತ್ತಲಿಲ್ಲ, ಇನ್ನೊಮ್ಮೆ ಒತ್ತವ್ವ" ಎಂದಾಗ ಮೊದಲ ಸಲದ ಚೀಟಿ ಕೇಳಬೇಕು, ಪಾಸ್‌ಬುಕ್ ಆಗಾಗ ಎಂಟ್ರಿ ಮಾಡಿಸಬೇಕು. ಜೆರಾಕ್ಸ್ ಕೊಡಲೇಬೇಕಾದ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮರೆಮಾಡಿದ ಆಧಾರ್ ಕೊಟ್ಟು, ಯಾವ ಕೆಲಸಕ್ಕೆ, ಯಾವ ದಿನ ಎಂದು ಅದರ ಮೇಲೆ ಬರೆಯಬೇಕು. ಕಳೆದ ಆರು ತಿಂಗಳಲ್ಲಿ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎಂಬುದು ಪ್ರಾಧಿಕಾರದ ಜಾಲತಾಣದಲ್ಲೂ, ತನ್ನ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದು ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ತಾಣದಲ್ಲೂ ಸಿಗುತ್ತದೆ. ದುಡಿಯಲು ಗೋವಾಕ್ಕೋ ಮಹಾರಾಷ್ಟ್ರಕ್ಕೋ ಹೋಗುವ ಸಿಂದಗಿ, ಇಂಡಿ, ಮುದ್ದೇಬಿಹಾಳದ ಮಂದಿಗೆ ಇದು ಇನ್ನೂ ಮುಖ್ಯ. ಊರಿನಲ್ಲಿ ಬಿಟ್ಟುಹೋದ ಕಾಗದವನ್ನು ಯಾರು ಬಳಸುತ್ತಿದ್ದಾರೆಂದು ಅವರು ದೂರದಿಂದಲೇ ತಿಳಿಯಬಹುದು.

ಕಳವು ಆಗಿಯೇ ಹೋದರೆ ಗಂಟೆಗಳ ಲೆಕ್ಕ ಶುರು. ಮೊದಲು 1930ಕ್ಕೆ ಕರೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುತ್ತಿರುವಾಗಲೇ ತಡೆಹಿಡಿಸಲು ಕಟ್ಟಿದ ಸಹಾಯವಾಣಿ ಅದು. ಅದರ ಬೆನ್ನಿಗೇ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ತಪ್ಪು ಗ್ರಾಹಕರದ್ದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ, ನಡುವೆ ಎಲ್ಲೋ ಸೋರಿದೆ ಎಂಬಂಥ ಪ್ರಕರಣದಲ್ಲಿ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ನಷ್ಟದ ಹೊಣೆ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿತು. ನಾಲ್ಕರಿಂದ ಏಳು ದಿನವಾದರೆ ಹೊಣೆಗೆ ಮಿತಿ ಇಟ್ಟಿತು. ಬ್ಯಾಂಕು ಮೂವತ್ತು ದಿನಗಳಲ್ಲಿ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಪೊಲೀಸರಿಗೆ ದೂರು ಕೊಡಲು ಜಿಲ್ಲೆಯಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗೆಂದೇ ಇರುವ ಸಿಇಎನ್ ಠಾಣೆ ಇದೆ. ಇನ್ನೊಬ್ಬರ ಪಾಸ್‌ವರ್ಡ್, ವಿದ್ಯುನ್ಮಾನ ಸಹಿ ಅಥವಾ ವಿಶಿಷ್ಟ ಗುರುತನ್ನು ಮೋಸದಿಂದ ಬಳಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ತಿಳಿಯದ ಸಾಲವೇನಾದರೂ ತನ್ನ ಹೆಸರಿಗೆ ಬಿದ್ದಿದೆಯೇ ಎಂದು ನೋಡಲು, ಜನರ ಸಾಲದ ಮಾಹಿತಿ ಇಡುವ ಸಿಬಿಲ್‌ನಂಥ ಪ್ರತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕು.

ಹೊಲದ ವಿಷಯಕ್ಕೆ ಬಂದರೆ ದಾರಿ ಉದ್ದ. ಸುಳ್ಳು ಖರೀದಿಪತ್ರ ನೋಂದಣಿಯಾಗಿದ್ದರೆ ಅದನ್ನು ರದ್ದುಪಡಿಸಲು ಬಹುಕಾಲ ಸಿವಿಲ್ ಕೋರ್ಟೇ ಗತಿಯಾಗಿತ್ತು. 2023ರಲ್ಲಿ ಕರ್ನಾಟಕ ವಿಧಾನಮಂಡಲ ಒಪ್ಪಿದ ನೋಂದಣಿ ತಿದ್ದುಪಡಿ, ನಕಲಿ ದಾಖಲೆಗಳಿಂದಾದ ಪತ್ರವನ್ನು ರದ್ದು ಮಾಡುವ ಅಧಿಕಾರವನ್ನು ಜಿಲ್ಲಾ ನೋಂದಣಾಧಿಕಾರಿಗೆ ಕೊಟ್ಟಿತು, ರಾಷ್ಟ್ರಪತಿಗಳ ಅಂಕಿತವೂ ದೊರೆಯಿತು. ಹಕ್ಕು ಬದಲಾವಣೆಯ ನೋಟಿಸು ಹೊರಬಿದ್ದಾಗ ಅವಧಿಯೊಳಗೆ ತಕರಾರು ಅರ್ಜಿ ಹಾಕುವುದು ಇದಕ್ಕಿಂತ ಮೊದಲಿನ ಹೆಜ್ಜೆ. 2024ರಲ್ಲಿ ಗ್ರಾಮ ಆಡಳಿತಾಧಿಕಾರಿಗಳು ಪಹಣಿಗೆ ಆಧಾರ್ ಜೋಡಿಸುವ ಅಭಿಯಾನ ಕೈಗೊಂಡರು. ತೀರಿಕೊಂಡ ಅಜ್ಜನ ಹೆಸರಿನಲ್ಲೇ ಪಹಣಿ ಉಳಿದ ಮನೆಗಳು ವಾರಸಾ ಮಾಡಿಸದೆ ಈ ಜೋಡಣೆ ಪೂರ್ತಿಯಾಗದು. ಉಳುವವರ ಹೆಸರು ಇಲ್ಲದ ಪಹಣಿಯ ಮೇಲೆಯೇ ವೇಷಧಾರಿಯ ಕಣ್ಣು ಬೀಳುವುದು ಸುಲಭ.

2023ಕ್ಕೆ ಮೊದಲು ಕೊಟ್ಟ ನಕಲುಗಳನ್ನು ಯಾರೂ ಹಿಂದಕ್ಕೆ ಪಡೆದಿಲ್ಲ. ವಕೀಲರ ಕಪಾಟು, ಬ್ಯಾಂಕಿನ ಕಡತ, ದಲ್ಲಾಳಿಯ ಚೀಲ, ಯಾರದೋ ಕಂಪ್ಯೂಟರು, ಎಲ್ಲೆಡೆ ಅವುಗಳ ಮೇಲಿನ ಹೆಬ್ಬೆಟ್ಟುಗಳು ಹಾಗೇ ಇವೆ. ಜಾಲತಾಣದಲ್ಲಿ ಮರೆಮಾಡಿದ್ದರಿಂದ ಅವು ಅಳಿಸಿಹೋಗಿಲ್ಲ. ಬಯೊಮೆಟ್ರಿಕ್ ಲಾಕ್ ಮಾಡಲು ಆಧಾರ್‌ಗೆ ಮೊಬೈಲ್ ಸಂಖ್ಯೆ ಜೋಡಿಸಿರಬೇಕು. ಸಂಖ್ಯೆ ಬದಲಾದವರು, ಜೋಡಿಸಿಯೇ ಇಲ್ಲದವರು ಮೊದಲು ಆಧಾರ್ ನೋಂದಣಿ ಕೇಂದ್ರಕ್ಕೆ ಹೋಗಿ ಅದನ್ನು ಸರಿಪಡಿಸಿಕೊಳ್ಳಬೇಕು. ಹೊಲ ಕೊಂಡ, ಮಾರಿದ, ಅಣ್ಣತಮ್ಮಂದಿರ ಪಾಲುಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಪ್ರತಿಯೊಬ್ಬರಿಗೂ ಈ ಕೆಲಸ ಬಾಕಿ ಇದೆ. ಗ್ರಾಮಸಭೆ, ಸ್ತ್ರೀಶಕ್ತಿ ಸಂಘ, ಹಾಲಿನ ಡೇರಿಗಳು ಒಂದೊಂದು ದಿನ ಗೊತ್ತುಮಾಡಿ ಕೂತು ಮಾಡಿಸಿದರೆ ಒಂದು ಊರಿನ ಹಿರಿಯರದೆಲ್ಲ ಮುಗಿಸುವುದು ಕಷ್ಟವೇನಲ್ಲ.